ಅಳಿವೆಯ ಪುಟಾಣಿ ಜೀವಿಗಳನ್ನು ವರ್ಷವಿಡೀ ಎಣಿಸುವುದು ಹೇಗೆ?

ಕೋಪೆಪಾಡ್‌ಗಳು ಸಿಗಡಿ, ಏಡಿಗಳ ಬಳಗದವು. ಹೆಚ್ಚಿನವು ಒಂದು ಮಿಲಿಮೀಟರ್ ಆಸುಪಾಸು, ಅಷ್ಟೇ. ಮೀನಿನ ಮರಿಗಳಿಗೆ ಇವೇ ಊಟ. ನದಿ ಕಡಲು ಸೇರುವ ಅಳಿವೆಯಲ್ಲಿ ಇವು ಯಾವಾಗ ಜಾಸ್ತಿ, ಯಾವಾಗ ಕಡಿಮೆ ಎಂದು ನೀವೇ ಕಂಡುಕೊಳ್ಳಬಹುದು. ಕುಮಟಾ ತಾಲ್ಲೂಕಿನ ಅಘನಾಶಿನಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ನದಿಗೆ ಅಣೆಕಟ್ಟಿಲ್ಲ, ಘಟ್ಟದ ಮಳೆನೀರು ತಡೆಯಿಲ್ಲದೆ ಇಳಿಯುತ್ತದೆ.

ಮೊದಲು ಜಾಗ ಗೊತ್ತುಮಾಡಿ. ಅಳಿವೆಯ ದಡದ ಊರು ತದಡಿಯ ದೋಣಿ ಕಟ್ಟೆಯಂಥ ಗಟ್ಟಿ ಜಾಗ ಒಳ್ಳೆಯದು. ಪ್ರತಿ ತಿಂಗಳೂ ಅಲ್ಲಿಗೇ ಹೋಗಿ, ಹುಣ್ಣಿಮೆಯ ದಿನ, ಹಗಲಿನ ಉಬ್ಬರ ತುಂಬಿದಾಗ. ಹುಣ್ಣಿಮೆಗೆ ಉಬ್ಬರದ ಹೊತ್ತು ತಿಂಗಳಿಂದ ತಿಂಗಳಿಗೆ ಹೆಚ್ಚು ಬದಲಾಗುವುದಿಲ್ಲ. ಇದು ತುಂಬಾ ಮುಖ್ಯ. ಎಷ್ಟೋ ಕೋಪೆಪಾಡ್‌ಗಳು ಹಗಲು ತಳಕ್ಕಿಳಿದು ರಾತ್ರಿ ಮೇಲೆ ಬರುತ್ತವೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಹೋದರೆ ಲೆಕ್ಕ ಸುಮ್ನೆ ದಾರಿ ತಪ್ಪಿಸುತ್ತದೆ.

10 ಲೀಟರ್ ಬಕೆಟ್‌ನಲ್ಲಿ 10 ಸಲ ನೀರೆತ್ತಿ, 200 ಮೈಕ್ರಾನ್ (0.2 ಮಿಲಿಮೀಟರ್) ಕಣ್ಣಿನ ನೈಲಾನ್ ಬಲೆಯಲ್ಲಿ ಸೋಸಿ. ತೀರಾ ಎಳೆಯ ಮರಿಗಳು ಇದರಲ್ಲಿ ಜಾರಿಹೋಗುತ್ತವೆ, ಇರಲಿ. ಉಳಿದದ್ದನ್ನು ಬಾಟಲಿಗೆ ತೊಳೆದು ಸರಿಯಾಗಿ 100 ಮಿಲಿಲೀಟರ್ ಮಾಡಿ. ಆಗಲೇ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೀರಿನ ಉಪ್ಪು ಅಳೆದು ಬರೆದಿಡಿ. ಉಪ್ಪಿನ ಅಂಕಿ ಇಲ್ಲದ ಎಣಿಕೆಯಿಂದ ಏನೂ ತಿಳಿಯದು.

ಬಾಟಲಿಯನ್ನು ಮೆಲ್ಲಗೆ ಕಲಕಿ, ಒಂದು ಮಿಲಿಲೀಟರ್ ಗಾಜಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಚಂಗನೆ ಜಿಗಿಯುತ್ತವೆ, ಎಣಿಸಲು ಬಿಡುವುದಿಲ್ಲ. ಸ್ವಲ್ಪ ಸೋಡಾ ನೀರು ಬೆರೆಸಿದರೆ ಮಂಕಾಗಿ ನಿಲ್ಲುತ್ತವೆ. ಆಗ ನೋಡಿ ಚಂದ! ತಲೆಯ ನಡುವೆ ಒಂದೇ ಕಣ್ಣು, ಎರಡು ಉದ್ದ ಮೀಸೆ, ಕೆಲವು ಹೆಣ್ಣುಗಳ ಬಾಲದ ಹತ್ತಿರ ಮೊಟ್ಟೆಚೀಲ. ಹೀಗೆ ನಾಲ್ಕೈದು ಸಲ ಎಣಿಸಿ ಸರಾಸರಿ ತೆಗೆಯಿರಿ. ನೂರು ಲೀಟರ್ ನೀರಿನ ಜೀವಿಗಳು ನೂರು ಮಿಲಿಲೀಟರ್‌ಗೆ ಇಳಿದಿವೆ, ಹಾಗಾಗಿ ಬಂದ ಸಂಖ್ಯೆಯೇ ಒಂದು ಲೀಟರ್ ಅಳಿವೆ ನೀರಿನ ಲೆಕ್ಕ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪು ಕುಸಿಯುತ್ತದೆ. ಕಡಲಿನ ಜಾತಿಗಳು ಹೊರಕ್ಕೆ ಕೊಚ್ಚಿಹೋಗುತ್ತವೆ, ಮೇಲಿನಿಂದ ಸಿಹಿನೀರಿನವು ತೇಲಿಬರುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಒಟ್ಟು ಸಂಖ್ಯೆಯಷ್ಟನ್ನೇ ಬರೆದರೆ ಸಾಲದು, ಬೇರೆಬೇರೆ ರೂಪದವನ್ನು ಬೇರೆಬೇರೆ ಎಣಿಸಿ. ಮಳೆ ನಿಂತ ಮೇಲೆ ಉಪ್ಪು ಮರಳುತ್ತದೆ. ಪಶ್ಚಿಮ ಕರಾವಳಿಯ ಅಳಿವೆಗಳಲ್ಲಿ ಸಾಮಾನ್ಯವಾಗಿ ಫೆಬ್ರುವರಿಯಿಂದ ಮೇವರೆಗೆ ಸಂಖ್ಯೆ ಜಾಸ್ತಿ. ಮೊಟ್ಟೆಚೀಲ ಹೊತ್ತ ಹೆಣ್ಣುಗಳನ್ನು ಬೇರೆಯೇ ಗುರುತು ಹಾಕಿ. ಮುಂದಿನ ಏರಿಕೆಯ ಸುಳಿವು ಅಲ್ಲೇ ಸಿಗುತ್ತದೆ.

ಮಳೆಗಾಲದಲ್ಲಿ ನೀರಿಗಿಳಿಯಬೇಡಿ. ಬಕೆಟ್‌ಗೆ ಹಗ್ಗ ಕಟ್ಟಿ ಕಟ್ಟೆಯ ಮೇಲಿಂದಲೇ ಎತ್ತಿ, ಜೊತೆಗೆ ಒಬ್ಬರಿರಲಿ.