ಗೊಂಬೆಯ ತಲೆ ಡ್ರಾಯರ್‌ಗೆ ಹಿಡಿಯಾಯಿತು

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಮನೆ ನಮ್ಮದು. ಮೊದಲು ಅಪ್ಪ ಮರ ತಿರುಗಿಸಿ ಕಡೆಯುವ ಲೇತ್ ಯಂತ್ರದ ಮುಂದೆ ಕೂರುತ್ತಿದ್ದರು, ಈಗ ನಾನು. ನಮ್ಮ ಮಾಲು ಜಾಸ್ತಿ ಹೋಗುತ್ತಿದ್ದದ್ದು ರಸ್ತೆ ಪಕ್ಕದ ಗೊಂಬೆ ಅಂಗಡಿಗಳಿಗೆ. 2023ರಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಕಾರುಗಳು ಬೈಪಾಸ್ ಹಿಡಿದವು. ಅಂಗಡಿಗಳ ಆರ್ಡರ್ ಇಳಿಯಿತು.

ಯಾರೂ ಮಾಡದ್ದನ್ನು ಮಾಡಬೇಕು ಅಂತ ಹಟ ಬಂತು. ಟೇಬಲ್ ಲ್ಯಾಂಪ್ ಮಾಡಿದೆ, ಮೊಬೈಲ್ ಸ್ಟ್ಯಾಂಡ್ ಮಾಡಿದೆ. ಒಳ್ಳೇ ಮರ, ತಿಂಗಳುಗಟ್ಟಲೆ ಕೆಲಸ. ಎಲ್ಲ ಅಟ್ಟ ಸೇರಿತು.

ಒಂದು ದಿನ ಮನೆಗೇ ಬಂದ ಒಬ್ಬ ಹೆಣ್ಣುಮಗಳು ಗೊಂಬೆಯೊಂದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಣ್ಣಾ, ಬರೀ ತಲೆ ಆರು ಮಾಡ್ಕೊಡ್ತೀರಾ? ಮಗಳ ರೂಮಿನ ಡ್ರಾಯರ್‌ಗೆ ಹಾಕ್ಬೇಕು" ಅಂದರು. ಅಪ್ಪನ ಕಾಲದಿಂದ ಸಾವಿರಾರು ತಲೆ ಕಡೆದಿದ್ದೇವೆ. ಅದನ್ನು ಹಿಡಿದು ಎಳೆಯಬಹುದು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ.

ಆಕಾರ ಸಿದ್ಧವಿತ್ತು, ಬಣ್ಣವೂ ಇತ್ತು. ಆದರೂ ಕೆಲಸ ಸುಲಭವಾಗಿರಲಿಲ್ಲ. ನಾವು ಬಳಸೋದು ಹಾಲೆ ಮರ. ಬಿಳಿ, ಮೆದು, ಉಳಿಗೆ ಬೆಣ್ಣೆಯ ಹಾಗೆ ಸಿಗುತ್ತದೆ. ಆ ಮೆದುತನವೇ ಇಲ್ಲಿ ತೊಂದರೆಯಾಯಿತು. ನಾಲ್ಕು ಸಲ ಬಿಚ್ಚಿ ಹಾಕಿದರೆ ಸ್ಕ್ರೂ ಸಡಿಲ. ಪಕ್ಕದ ಬೀದಿಯ ಬಡಗಿ ಒಬ್ಬರು ದಾರಿ ತೋರಿಸಿದರು: ತೂತಿನೊಳಗೆ ಹಿತ್ತಾಳೆ ನಟ್ ಕೂರಿಸು, ಸ್ಕ್ರೂ ಅದನ್ನು ಕಚ್ಚಲಿ, ಮರವನ್ನಲ್ಲ. ಅವರಿಗೆ ಅದು ದಿನನಿತ್ಯದ ಕೆಲಸ. ನನಗೆ ಅರ್ಧ ಸಮಸ್ಯೆಯೇ ಮುಗಿಯಿತು.

ಇನ್ನರ್ಧ ಅಳತೆಯದ್ದು. ಗೊಂಬೆ ಒಂದಕ್ಕಿಂತ ಒಂದು ಕೂದಲೆಳೆ ದಪ್ಪವಿದ್ದರೆ ಯಾರೂ ಕೇಳಲ್ಲ. ಒಂದೇ ಸಾಲಿನಲ್ಲಿ ಆರು ತಲೆ ನಿಂತರೆ ಕಣ್ಣಿಗೆ ಹೊಡೆಯುತ್ತದೆ. ತಗಡು ಕತ್ತರಿಸಿ ತಲೆಯ ಆಕಾರದ ಅಚ್ಚು ಮಾಡಿಕೊಂಡೆ. ಈಗ ಪ್ರತಿಯೊಂದಕ್ಕೂ ಅದನ್ನು ಒತ್ತಿ ನೋಡಿಯೇ ಅರಗು ಹಚ್ಚೋದು.

ಅರಗಿನ ಕೆಲಸ ಮಾತ್ರ ಅಪ್ಪ ಕಲಿಸಿದ ಹಾಗೇ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹಿಡಿಯುತ್ತದೆ. ಆಮೇಲೆ ತಾಳೆ ಗರಿ ಒತ್ತಿ ಹಿಡಿಯಬೇಕು. ಆಗ ಮಂಕಾಗಿದ್ದ ಅರಿಶಿನ ಬಣ್ಣ ಒಮ್ಮೆಲೇ ಹೊಳೆಯುತ್ತದಲ್ಲ, ಇಷ್ಟು ವರ್ಷವಾದರೂ ಆ ಗಳಿಗೆಗೆ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ.

ಒಬ್ಬ ಗಿರಾಕಿ ಸ್ಯಾನಿಟೈಸರ್ ಹಾಕಿ ಒರೆಸಿ, ಬಣ್ಣವೆಲ್ಲ ಬಟ್ಟೆಗೆ ಬಂತು ಅಂತ ಫೋಟೊ ಕಳಿಸಿದರು. ಸ್ಪಿರಿಟ್ ತಾಕಿದರೆ ಅರಗು ಕರಗುತ್ತದೆ. ಗೊಂಬೆಗೆ ಯಾರೂ ಸ್ಯಾನಿಟೈಸರ್ ಹಚ್ಚಿರಲಿಲ್ಲ, ಹಾಗಾಗಿ ನಾನು ಹೇಳಿರಲೂ ಇಲ್ಲ. ಬೇರೆ ಸೆಟ್ ಕಳಿಸಿದೆ. ಅಂದಿನಿಂದ ಪ್ರತಿ ಡಬ್ಬಿಯಲ್ಲೂ ಒಂದು ಚೀಟಿ ಇಡುತ್ತೇನೆ: ಒಣ ಬಟ್ಟೆಯಲ್ಲಿ ಮಾತ್ರ ಒರೆಸಿ.

"ಇದರಲ್ಲಿ ನಿಂದೇನಿದೆ? ಗೊಂಬೆ ಅಪ್ಪಂದು, ನಟ್ಟು ಬಡಗೀದು" ಅಂತ ನಮ್ಮವರೇ ಒಬ್ಬರು ಕೇಳಿದರು. ಮನಸ್ಸಿಗೆ ನೋವಾಯಿತು, ನಿಜ. ಆದರೆ ನಮ್ಮೂರ ಕಸುಬು ಬೆಳೆದದ್ದೇ ಹಾಗಲ್ವಾ? ಟಿಪ್ಪು ಕಾಲದಲ್ಲಿ ಪರ್ಷಿಯಾದಿಂದ ಬಂದವರು ಕಲಿಸಿದರು ಅಂತ ಹಿರಿಯರು ಹೇಳುತ್ತಾರೆ. ಆಮೇಲೆ ಬಾವಾಸ್ ಮಿಯಾನ್ ಜಪಾನಿನ ಗೊಂಬೆ ಕೆಲಸದ ರೀತಿಯನ್ನು ಇಲ್ಲಿಗೆ ತಂದರು. ಅವರನ್ನು ನಾವು ಇವತ್ತಿಗೂ ಗೌರವದಿಂದ ನೆನೆಯುತ್ತೇವೆ. ಮರ, ಅರಗು, ಕೈ ಮಾತ್ರ ನಮ್ಮವೇ ಆಗಿದ್ದವು.

ಈಗ ನನ್ನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಹಿಡಿಗಳೇ. ಹೊಸದು ಬೇಕೆನಿಸಿದಾಗ ಅಪ್ಪನ ಹಳೇ ಮಾದರಿಗಳ ಚೀಲ ಬಿಚ್ಚಿ ನೆಲದ ಮೇಲೆ ಸುರಿಯುತ್ತೇನೆ. ಹೋದ ವಾರ ಅದರಲ್ಲಿ ಒಂದು ಬುಗುರಿ ಸಿಕ್ಕಿತು. ಪರದೆ ಕಂಬಿಯ ಎರಡೂ ತುದಿಗೆ ಇಟ್ಟು ನೋಡಿದೆ, ಚೆನ್ನಾಗಿ ಕೂರುತ್ತದೆ. ತೂತು ಎಷ್ಟು ದೊಡ್ಡದಿರಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.