ಪಟ್ಟಿ ಬಿಡಿಸಿದ ಮೇಲೂ ಸಿಕ್ಕಿಕೊಂಡ ಹೆಬ್ಬೆರಳು

ಮಡಚಿದ ಹೆಬ್ಬೆರಳು ಹಾಗೇ ಸಿಕ್ಕಿಕೊಂಡು, ಇನ್ನೊಂದು ಕೈಯಿಂದ ಎಳೆದರೆ ಟಕ್ಕೆಂದು ನೋವಿನೊಡನೆ ಬಿಡುವ ತೊಂದರೆಗೆ ಬಹುಪಾಲು ಕಾರಣ ಒಂದೇ. ಬೆರಳು ಮಡಚುವ ಸ್ನಾಯುರಜ್ಜು ಬುಡದ ಗೆರೆಯ ಬಳಿ ಒಂದು ಗಟ್ಟಿ ಪಟ್ಟಿಯಡಿ ಹಾದುಹೋಗುತ್ತದೆ. ಪಟ್ಟಿ ದಪ್ಪಗಾಗಿ, ರಜ್ಜುವಿನಲ್ಲಿ ಗಂಟು ಮೂಡಿದರೆ ಓಡಾಟ ನಿಲ್ಲುತ್ತದೆ. ಮಧುಮೇಹಿಗಳಲ್ಲಿ ಇದು ಹೆಚ್ಚು. ಎಷ್ಟೋ ಮಂದಿಗೆ ಸ್ಟೀರಾಯ್ಡ್ ಚುಚ್ಚುಮದ್ದಿನಿಂದಲೇ ಗುಣವಾಗುತ್ತದೆ.

ಕೈ ಶಸ್ತ್ರಚಿಕಿತ್ಸೆ ಮಾಡುವ ನನ್ನನ್ನು ಕಾಡುವುದು ಈ ಲೆಕ್ಕಕ್ಕೆ ಸಿಗದ ಹೆಬ್ಬೆರಳುಗಳು. ಸಿಕ್ಕಿಕೊಂಡದ್ದು ಯಾವ ಕೀಲು ಎಂದು ಮೊದಲು ನೋಡುತ್ತೇನೆ. ತುದಿಯ ಕೀಲು ಸಲೀಸಾಗಿ ಮಡಚುತ್ತಿದ್ದು ಬುಡದ ಕೀಲು ಮಾತ್ರ ಸೆಟೆದು ನಿಂತಿದ್ದರೆ, ಅಲ್ಲಿನ ಪುಟ್ಟ ಸೆಸಮಾಯ್ಡ್ ಮೂಳೆ ಕೀಲಿನ ಉಬ್ಬಿಗೆ ಸಿಕ್ಕಿರಬಹುದು. ಅಂಥಲ್ಲಿ ಪಟ್ಟಿ ಕೊಯ್ದು ಫಲವಿಲ್ಲ.

ಮಲೆನಾಡಿನಿಂದ ಬಂದ ಒಬ್ಬ ಹೆಂಗಸಿಗೆ ಸಿಕ್ಕಿಕೊಳ್ಳುತ್ತಿದ್ದುದು ತುದಿಯ ಕೀಲೇ. ಆದರೆ ಬೆರಳಿನ ಬುಡದಲ್ಲಿ ಹಳೆಯ ಗಾಯದ ಬಿಳಿ ಕಲೆಯಿತ್ತು. ಕೇಳಿದೆ. “ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿತ್ತು ಡಾಕ್ಟರೇ, ಅರಿಸಿನ ಮೆತ್ತಿ ಕಟ್ಟಿದೆ, ಮಾಯಿತು” ಎಂದರು. ಚುಚ್ಚುಮದ್ದು ಅವರಿಗೆ ನಾಟಿರಲಿಲ್ಲ.

ಇಂಥ ಶಸ್ತ್ರಚಿಕಿತ್ಸೆಗೆ ರೋಗಿ ಎಚ್ಚರವಾಗಿರಬೇಕು ಎಂಬುದು ನನ್ನ ಹಟ. ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿದ, ಜಾಗವನ್ನಷ್ಟೇ ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚಿ ಅರ್ಧ ಗಂಟೆ ಕಾದರೆ ರಕ್ತ ಒಸರುವುದು ಬಹಳ ಕಡಿಮೆಯಾಗುತ್ತದೆ, ತೋಳಿಗೆ ಬಿಗಿಪಟ್ಟಿಯೂ ಬೇಡ. ಚರ್ಮವನ್ನಷ್ಟೇ ಕೊಯ್ದು, ಆಮೇಲೆ ಮೊಂಡು ಕತ್ತರಿಯಿಂದ ಬಿಡಿಸುತ್ತಾ ಹೋದೆ; ಹೊರಬದಿಯ ನರ ಇಲ್ಲಿ ಚರ್ಮದ ಕೆಳಗೇ ಓರೆಯಾಗಿ ದಾಟುತ್ತದೆ, ಅದಕ್ಕೆ ಅಲಗು ತಾಗಿದರೆ ಬೆರಳ ತುದಿ ಮರಗಟ್ಟುತ್ತದೆ. ಪಟ್ಟಿ ಕೊಯ್ದೆ. ಅದರಾಚೆಯ ಓರೆಪಟ್ಟಿಯನ್ನು ಮುಟ್ಟಲಿಲ್ಲ. ಅದೂ ಹೋದರೆ ರಜ್ಜು ಬಿಲ್ಲಿನ ಹೆದೆಯಂತೆ ಮೇಲೇಳುತ್ತದೆ.

“ಮಡಚಿ ನೋಡಿ ಅಮ್ಮಾ” ಎಂದೆ. ಮಡಚಿದರು. ಮತ್ತೆ ಸಿಕ್ಕಿಕೊಂಡಿತು.

ರಜ್ಜುವನ್ನು ಕೊಕ್ಕೆಯಿಂದ ಮೆಲ್ಲಗೆ ಎತ್ತಿ ಹೊರಳಿಸಿದಾಗ ಒಂದು ಅಂಚಿನಲ್ಲಿ ಎಳೆಯೊಂದು ಸುಲಿದು ಮಡಚಿಕೊಂಡಿತ್ತು. ಕತ್ತಿ ಅಂದು ರಜ್ಜುವನ್ನೂ ಅರೆಬರೆ ಸೀಳಿತ್ತು. ಸೀಳಿದ್ದು ಕಾಲುಭಾಗಕ್ಕಿಂತ ಕಡಿಮೆ, ಉಳಿದದ್ದು ಗಟ್ಟಿ. ಹಾಗಾಗಿ ಹೊಲಿಯದೆ ಎಳೆಯನ್ನಷ್ಟೇ ನಯವಾಗಿ ಕತ್ತರಿಸಿ ತೆಗೆದೆ. ಮತ್ತೆ ಮಡಚಿಸಿದೆ. ಬೆರಳು ತಡೆಯಿಲ್ಲದೆ ಹೋಗಿ ಬಂತು. ನಾನು ಹೇಳದಿದ್ದರೂ ಅವರು ಇನ್ನೆರಡು ಸಲ ತಾವೇ ಮಡಚಿ ನೋಡಿಕೊಂಡರು.

ಅಂದು ಸಂಜೆಯಿಂದಲೇ ಬೆರಳು ಆಡಿಸಲು ಹೇಳಿದೆ, ಇಲ್ಲವಾದರೆ ರಜ್ಜು ಸುತ್ತಲಿಗೆ ಅಂಟಿಕೊಳ್ಳುತ್ತದೆ. ಆದರೆ ಆರು ವಾರ ಮೆಟ್ಟುಗತ್ತಿಯ ಮುಂದೆ ಕೂರಬಾರದೆಂದು ಮಗನಿಗೂ ಕೇಳುವಂತೆ ಹೇಳಿ ಕಳುಹಿಸಿದೆ.