ಮೊದಲ ಲೈವ್‌ಗೆ ನಿಲ್ಲುವ ಮುಂಚೆ

ಟಿವಿ ವರದಿಗಾರಿಕೆಗೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು ಕ್ಯಾಮೆರಾ ಭಯದ ಬಗ್ಗೆ. ಹತ್ತು ಹನ್ನೆರಡು ಲೈವ್ ಕೊಟ್ಟರೆ ಆ ಭಯ ತಾನಾಗಿ ಹೋಗುತ್ತದೆ. ನಾನು 22 ವರ್ಷ ಫೀಲ್ಡ್‌ನಲ್ಲಿದ್ದೆ. ನನ್ನಿಂದ ದೊಡ್ಡ ತಪ್ಪಾಗಿದ್ದು ಭಯ ಹೋದ ಮೇಲೆ. ಅದಕ್ಕೇ ಗೊತ್ತಿರುವಲ್ಲಿಗೆ ಮಾತು ನಿಲ್ಲಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಸ್ಥಳ ತಲುಪಿದ ಕೂಡಲೇ ಮೈಕ್ ಹಿಡಿಯಬೇಡಿ. ನೋಟ್‌ಬುಕ್ ತೆಗೆದು ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ನಿಮ್ಮ ಕಣ್ಣಿಗೆ ಬಿದ್ದದ್ದು, ಬಲಗಡೆ ಬೇರೆಯವರು ಹೇಳಿದ್ದು. ಬಲಗಡೆಯ ಪ್ರತಿ ಸಾಲಿಗೂ ಯಾರು ಹೇಳಿದರು, ಎಷ್ಟು ಹೊತ್ತಿಗೆ ಹೇಳಿದರು, ಅವರೇ ನೋಡಿದ್ದಾ ಅಥವಾ ಯಾರಿಂದಲೋ ಕೇಳಿದ್ದಾ ಎಂದು ಬರೆಯಿರಿ. ಈ ಮೂರನೆಯದು ಅವಸರದಲ್ಲಿ ಬಿಟ್ಟುಹೋಗುತ್ತದೆ. 'ಆಗ ನೀವು ಎಲ್ಲಿದ್ದಿರಿ?' ಅಂತ ಕೇಳಿದರೆ ಸಾಕು, ಗೊತ್ತಾಗುತ್ತದೆ.

ನಾನು ಅದನ್ನು ಕೇಳಲಿಲ್ಲ. ಒಂದು ಕಟ್ಟಡ ಕುಸಿದಿತ್ತು. ಒಳಗೆ ಏಳು ಜನ ಸಿಕ್ಕಿಕೊಂಡಿದ್ದರು. ಏಳೂ ಜನ ಹೋಗಿಬಿಟ್ಟರು ಅಂತ ಅಲ್ಲೇ ನಿಂತಿದ್ದವರೊಬ್ಬರು ಹೇಳಿದರು. ಇನ್ನೊಬ್ಬರೂ ಅದನ್ನೇ ಹೇಳಿದರು. ಇಬ್ಬರು ಹೇಳಿದರಲ್ಲ ಎಂದು ಲೈವ್‌ನಲ್ಲಿ ಹೇಳಿಬಿಟ್ಟೆ. ಎರಡನೆಯವರು ಮೊದಲನೆಯವರ ಬಾಯಿಂದಲೇ ಕೇಳಿಸಿಕೊಂಡಿದ್ದರು. ಸತ್ತವರು ನಾಲ್ವರು. ಉಳಿದ ಮೂವರ ಮನೆಯವರಿಗೆ ನನ್ನ ಬಾಯಿಂದ ಸಾವಿನ ಸುದ್ದಿ ಹೋಗಿತ್ತು.

ಅಧಿಕೃತವಾಗಿ ಹೇಳಿದ್ದಕ್ಕೆ ಕಾಯಬೇಕು ಅನ್ನುವುದಕ್ಕೆ 2006ರ ಜನವರಿಯ ಒಂದು ಘಟನೆ ಹೇಳುತ್ತೇನೆ. ಅಮೆರಿಕದ ವೆಸ್ಟ್ ವರ್ಜೀನಿಯಾದ ಸೇಗೋ ಕಲ್ಲಿದ್ದಲು ಗಣಿಯಲ್ಲಿ 13 ಕಾರ್ಮಿಕರು ಸಿಕ್ಕಿಬಿದ್ದಿದ್ದರು. 12 ಜನ ಬದುಕಿದ್ದಾರೆ ಎಂಬ ಮಾತು ಚರ್ಚ್‌ನಲ್ಲಿ ಕಾಯುತ್ತಿದ್ದ ಮನೆಯವರಿಗೆ ತಲುಪಿತು. ಗಂಟೆ ಬಾರಿಸಿದರು, ತಬ್ಬಿಕೊಂಡು ಅತ್ತರು. ಚಾನೆಲ್‌ಗಳು ಅದನ್ನು ಲೈವ್ ಕೊಟ್ಟವು. ನಿಜ ಸಂಗತಿ ಮನೆಯವರಿಗೆ ಗೊತ್ತಾಗಿದ್ದು ಸುಮಾರು ಮೂರು ಗಂಟೆಯ ನಂತರ. ಬದುಕಿದ್ದದ್ದು ಒಬ್ಬರೇ. ಅಲ್ಲಿದ್ದ ವರದಿಗಾರರು ಆ ಸಂತೋಷವನ್ನು ಕಣ್ಣಾರೆ ನೋಡಿದ್ದರು. ಕಾರ್ಮಿಕರನ್ನು ಮಾತ್ರ ಅವರಲ್ಲಿ ಯಾರೂ ನೋಡಿರಲಿಲ್ಲ. ಸಂತೋಷ ಎಡಗಡೆಗೆ, 12 ಎಂಬ ಸಂಖ್ಯೆ ಬಲಗಡೆಗೆ ಹೋಗಬೇಕಿತ್ತು.

ಈಗ ಇಯರ್‌ಪೀಸ್. ಅದರಲ್ಲಿ ನಿಮ್ಮದೇ ಧ್ವನಿ ತಡವಾಗಿ ವಾಪಸ್ ಬರುತ್ತಿದ್ದರೆ ನಾಲಿಗೆ ತಡವರಿಸುತ್ತದೆ. ನನ್ನ ಧ್ವನಿ ತೆಗೆದು ಕಳಿಸಿ ಎಂದು ಪಿಸಿಆರ್‌ಗೆ, ಅಂದರೆ ಸ್ಟುಡಿಯೋದ ಕಂಟ್ರೋಲ್ ರೂಮ್‌ಗೆ, ಮೊದಲೇ ಹೇಳಿ. ಲೈವ್ ಶುರುವಾದ ಮೇಲೆ ಹಾಗಾದರೆ ಇಯರ್‌ಪೀಸ್ ಕಿತ್ತು ಹಾಕಿ ವಾಕ್ಯ ಮುಗಿಸಿ. ಇನ್ನು ಈ ತಡ ಯಾಕೆ ಅಂದರೆ, ಲೈವ್ ಹೋಗುವ ಸ್ಯಾಟಲೈಟ್ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಮಾತು ಅಲ್ಲಿಗೆ ಹತ್ತಿ ಇಳಿಯಲು ಕಾಲು ಸೆಕೆಂಡು ಬೇಕು. ಮೊಬೈಲ್ ನೆಟ್‌ವರ್ಕ್ ಮೇಲೆ ಲೈವ್ ಕಳಿಸುವ ಬ್ಯಾಗ್‌ನಂಥ ಯಂತ್ರ ಆದರೆ ಇನ್ನೂ ಜಾಸ್ತಿ. ಆ್ಯಂಕರ್ ಪ್ರಶ್ನೆ ಮುಗಿಸಿದ ಮೇಲೂ ಸ್ಕ್ರೀನ್ ಮೇಲೆ ನೀವು ಸುಮ್ನೆ ನಿಂತಿರುತ್ತೀರಿ. ಗಾಬರಿಯಾಗಬೇಡಿ, ಲೆನ್ಸ್ ನೋಡುತ್ತಿರಿ.

'ಸಾವಿನ ಸಂಖ್ಯೆ ಹೆಚ್ಚಬಹುದಾ?' ಎಂದು ಆ್ಯಂಕರ್ ಕೇಳಿಯೇ ಕೇಳುತ್ತಾರೆ. ಅವರನ್ನು ದೂರಬೇಡಿ, ಸ್ಟುಡಿಯೋದಲ್ಲಿ ಕೂತವರಿಗೆ ಏನೂ ಕಾಣುವುದಿಲ್ಲ. ಇದಕ್ಕೆ ಉತ್ತರವನ್ನು ಮೊದಲೇ ಬಾಯಿಪಾಠ ಮಾಡಿ: 'ಅದು ಇನ್ನೂ ಖಚಿತವಾಗಿಲ್ಲ. ನಾನು ನೋಡಿದ್ದು ಇಷ್ಟು, ಮೂರು ಆಂಬುಲೆನ್ಸ್ ಇಲ್ಲಿಂದ ಹೊರಟವು.' ಎಡಗಡೆಯ ಒಂದು ಸಾಲು ಹೇಳಿದರೆ ಉತ್ತರ ಖಾಲಿ ಅನ್ನಿಸುವುದಿಲ್ಲ.

ಅಳುತ್ತಿರುವವರ ಮುಂದೆ ಮೈಕ್ ಹಿಡಿದು 'ಹೇಗನ್ನಿಸುತ್ತಿದೆ?' ಎಂದು ದಯವಿಟ್ಟು ಕೇಳಬೇಡಿ. ಮೈಕ್ ಕೆಳಗಿಳಿಸಿ, ಮಾತಾಡಲು ಮನಸ್ಸಿದೆಯಾ ಎಂದು ಕೇಳಿ. ಬೇಡ ಅಂದರೆ ಬೇಡ. ಕ್ಯಾಮೆರಾಮನ್ ಜೊತೆ ಇದನ್ನು ಗಾಡಿಯಲ್ಲೇ ಮಾತಾಡಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಸನ್ನೆ ಮಾಡುವುದಕ್ಕೂ ಸಮಯ ಸಿಗುವುದಿಲ್ಲ.

ಇಷ್ಟಾದರೂ ತಪ್ಪು ಆಗುತ್ತದೆ. ಆಗ ಸುಮ್ನೆ ಹೊಸ ಸಂಖ್ಯೆ ಓದಿ ಮುಂದೆ ಹೋಗಬೇಡಿ. 'ಸ್ವಲ್ಪ ಹೊತ್ತಿನ ಹಿಂದೆ ನಾನು ಏಳು ಅಂದಿದ್ದೆ. ಅದು ತಪ್ಪು. ನಾಲ್ಕು' ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಒಂದು ಗಂಟೆಯೊಳಗೆ ಹಾಗೆ ತಿದ್ದಿ ಹೇಳಿದ್ದೆ. ಆಮೇಲೆ ಆ ಮೂರು ಮನೆಗಳಲ್ಲಿ ಒಂದಕ್ಕೆ ಹೋಗಿ ಕ್ಷಮೆ ಕೇಳಿದೆ. ಮೊದಲ ಸುದ್ದಿ ಕೇಳಿದ ಕೂಡಲೇ ಅವರು ಟಿವಿ ಆಫ್ ಮಾಡಿದ್ದರು. ನಾನು ತಿದ್ದಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಹಾಗಾಗಿ ಮುಂದಿನ ಎಲ್ಲ ಬುಲೆಟಿನ್‌ಗಳಲ್ಲೂ ತಿದ್ದುಪಡಿ ಹಾಕಿ ಎಂದು ಡೆಸ್ಕ್‌ಗೆ ಕೇಳಿ. ಆಗಲ್ಲ ಅಂದರೆ ಮತ್ತೆ ಕೇಳಿ.